ಮಂಗನ ಕಾಯಿಲೆಯಿಂದ ಶುರುವಾದ ಹಕ್ಕಿ ಲೆಕ್ಕ

ಇವತ್ತಿನ ಕಥೆ ತಮಿಳುನಾಡಿನ ಒಂದು ಕಡಲತೀರದ್ದು. ಆದ್ರೆ ಅದು ಶುರುವಾಗೋದು ನಮ್ಮ ಸೊರಬ ತಾಲೂಕಿನ ಕಾಡಲ್ಲಿ.

1957. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅನ್ನೋ ಕಡೆ ಮಂಗಗಳು, ಮುಸುವಗಳು ಸಾಲಾಗಿ ಸಾಯ್ತಾ ಇದ್ವು. ಅದರ ಬೆನ್ನಿಗೇ ಸೌದೆಗೆ, ಸೊಪ್ಪಿಗೆ, ದನ ಮೇಯಿಸೋಕೆ ಕಾಡಿಗೆ ಹೋಗಿ ಬಂದವರಿಗೆ ವಿಪರೀತ ಜ್ವರ. ಕೆಲವರು ಬದುಕಲಿಲ್ಲ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ವಿಜ್ಞಾನಿಗಳು ಬಂದು, ಸತ್ತ ಮಂಗಗಳನ್ನ, ರೋಗಿಗಳ ರಕ್ತವನ್ನ ಪರೀಕ್ಷೆ ಮಾಡಿ ಹೊಸ ವೈರಸ್ ಒಂದನ್ನ ಕಂಡುಹಿಡಿದ್ರು. ಊರವರು ಮಂಗನ ಕಾಯಿಲೆ ಅಂದ್ರು. ಜಗತ್ತಿನ ಪುಸ್ತಕಗಳಲ್ಲಿ ಅದು ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ. ನಮ್ಮ ಒಂದು ಹಳ್ಳಿಯ ಹೆಸರು ವಿಶ್ವಪ್ರಸಿದ್ಧ ಆಗಿದ್ದು ಹೀಗೆ ಅನ್ನೋದು ಬೇಜಾರಿನ ವಿಷಯವೇ.

ಹರಡೋದು ಉಣುಗಿನಿಂದ ಅಂತ ಬೇಗ ಗೊತ್ತಾಯ್ತು. ತಲೆ ಕೆಡಿಸಿದ್ದು ಇನ್ನೊಂದು ಪ್ರಶ್ನೆ. ಈ ವೈರಸ್ ರಷ್ಯಾದ ಕಾಡುಗಳಲ್ಲಿ ಉಣುಗಿನಿಂದಲೇ ಬರೋ ಒಂದು ಮೆದುಳು ಜ್ವರದ ವೈರಸ್‌ಗೆ ಹತ್ತಿರದ ಸಂಬಂಧಿ. ಎಲ್ಲಿಯ ಸೈಬೀರಿಯಾ, ಎಲ್ಲಿಯ ಸೊರಬ? ನಡುವೆ ಹಿಮಾಲಯ ಇದೆ. ಅದನ್ನ ದಾಟಿ ಪ್ರತಿ ಚಳಿಗಾಲ ಯಾರು ಬರ್ತಾರೆ ಹೇಳಿ? ಹಕ್ಕಿಗಳು. ಪುಣೆ ಕೇಂದ್ರದ ನಿರ್ದೇಶಕರಾಗಿದ್ದ ಟೆಲ್ಫರ್ಡ್ ವರ್ಕ್‌ಗೆ ಹಕ್ಕಿಗಳ ಹುಚ್ಚೂ ಇತ್ತು. ವಲಸೆ ಹಕ್ಕಿಗಳ ಮೈಮೇಲಿನ ಉಣುಗು ಈ ರೋಗ ತಂದಿರಬಹುದಾ ಅನ್ನೋ ಅನುಮಾನ ಹುಟ್ಟಿತು.

ಈಗ ಸಲೀಂ ಅಲಿ ಕಥೆಗೆ ಬರ್ತಾರೆ. 1896ರಲ್ಲಿ ಹುಟ್ಟಿದವರು, ಅಷ್ಟು ಹೊತ್ತಿಗೆ ಅರವತ್ತು ದಾಟಿದ್ದರು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನ 1939–40ರಲ್ಲೇ ಮಾಡಿ ಮುಗಿಸಿದ್ದವರು. ಅವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಅಂದ್ರೆ ಬಿಎನ್‌ಎಚ್‌ಎಸ್, 1927ರಿಂದ ಹಕ್ಕಿಗಳ ಕಾಲಿಗೆ ಉಂಗುರ ಹಾಕ್ತಾ ಇತ್ತು, ಆದ್ರೆ ಚಿಕ್ಕ ಮಟ್ಟದಲ್ಲಿ. ದೊಡ್ಡದಾಗಿ ಮಾಡೋಕೆ ದುಡ್ಡಿರಲಿಲ್ಲ. ಹಕ್ಕಿ ಎಲ್ಲಿಗೆ ಹೋಗುತ್ತೆ ಅಂತ ತಿಳ್ಕೊಳ್ಳೋಕೆ ಯಾರು ದುಡ್ಡು ಕೊಡ್ತಾರೆ? ಹಕ್ಕಿ ರೋಗ ತರುತ್ತೆ ಅಂದ್ರೆ ಕೊಡ್ತಾರೆ. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದಲ್ಲಿ ಕೆಲಸ ಶುರುವಾಯ್ತು. ಮೊದಲು ಕಛ್‌ನಲ್ಲಿ ಶಿಬಿರ, ಆಮೇಲೆ ಬೇರೆ ಬೇರೆ ಕಡೆ. ಅದರಲ್ಲಿ ಒಂದು ಕೋಡಿಯಕ್ಕರೈ, ಇಂಗ್ಲಿಷರ ಬಾಯಲ್ಲಿ ಪಾಯಿಂಟ್ ಕ್ಯಾಲಿಮಿಯರ್.

ಫೋನಲ್ಲಿ ಮ್ಯಾಪ್ ತೆಗೀರಿ. ನಾಗಪಟ್ಟಣದಿಂದ ಕರಾವಳಿ ಹಿಡಿದು ದಕ್ಷಿಣಕ್ಕೆ ಬನ್ನಿ. ನೆಟ್ಟಗೆ ಬರ್ತಿದ್ದ ಗೆರೆ ಒಂದು ಕಡೆ ಮೊಣಕೈ ಮಡಚಿದ ಹಾಗೆ ಪಶ್ಚಿಮಕ್ಕೆ ತಿರುಗುತ್ತೆ. ಆ ಮೂಲೆಯೇ ಕೋಡಿಯಕ್ಕರೈ. ಪಕ್ಕದಲ್ಲಿ ವೇದಾರಣ್ಯಂ. 1930ರಲ್ಲಿ ರಾಜಾಜಿ ತಿರುಚ್ಚಿಯಿಂದ ನಡೆದು ಬಂದು ಉಪ್ಪಿನ ಕಾನೂನು ಮುರಿದ ಜಾಗ. ಕೊಡಗಲ್ಲಿ ಹುಟ್ಟಿದ ಕಾವೇರಿಯ ಮುಖಜಭೂಮಿ ದಕ್ಷಿಣದಲ್ಲಿ ಮುಗಿಯೋದೂ ಇಲ್ಲೇ. ಈ ಮೂಲೆಯಿಂದ ಪಶ್ಚಿಮಕ್ಕೆ, ಮುತ್ತುಪೇಟೆಯ ಕಾಂಡ್ಲಾ ಕಾಡಿನ ತನಕ, ಸುಮಾರು 48 ಕಿಲೋಮೀಟರ್ ಉದ್ದಕ್ಕೆ ಒಂದು ಉಪ್ಪುನೀರಿನ ಜೌಗು. ಅಕ್ಟೋಬರ್‌ನಲ್ಲಿ ಹಿಂಗಾರು ಸುರಿದು ಸಿಹಿನೀರು ತುಂಬುತ್ತೆ. ಬೇಸಿಗೆಗೆ ಒಣಗಿ ಬಿರುಕು ಬಿಡುತ್ತೆ. ಆ ನಡುವಿನ ತಿಂಗಳುಗಳಲ್ಲಿ, ಮೊಣಕಾಲು ಮುಟ್ಟದ ಆ ನೀರಲ್ಲಿ, ಆರ್ಕ್ಟಿಕ್‌ನಿಂದ ಬಂದ ಹಕ್ಕಿಗಳಿಗೆ ಊಟ. ಲಿಟಲ್ ಸ್ಟಿಂಟ್ ಅಂತ ಒಂದು ಹಕ್ಕಿ ಇದೆ. ಗುಬ್ಬಚ್ಚಿಯಷ್ಟೇ ತೂಕ. ಅದು ಉತ್ತರ ಧ್ರುವದ ಹತ್ತಿರ ಮೊಟ್ಟೆ ಇಟ್ಟು, ಇಲ್ಲಿಗೆ ಬಂದು ಕೆಸರು ಕೆದಕುತ್ತೆ.

ಇಷ್ಟು ಚಿಕ್ಕ ಹಕ್ಕಿಯನ್ನ ಗಾಯ ಆಗದ ಹಾಗೆ ಹಿಡಿಯೋದು ಹೇಗೆ? ಈ ಭಾಗ ನನಗೆ ತುಂಬಾ ಇಷ್ಟ. ಸೊಸೈಟಿಯವರು ಬಿಹಾರದ ಮೀರ್‌ಶಿಕಾರ್‌ಗಳನ್ನ ಕರೆಸಿದ್ರು. ತಲೆತಲಾಂತರದಿಂದ ಹಕ್ಕಿ ಹಿಡಿದು ಮಾರಿ ಬದುಕಿದವರು ಅವರು. ಬಿದಿರು, ದಾರ, ಅಂಟು, ಉರುಲು, ಬಲೆ, ಇಷ್ಟೇ ಸಾಮಾನು. ಯಾವ ಹಕ್ಕಿ ಯಾವ ಹೊತ್ತಿಗೆ ಯಾವ ದಿಕ್ಕಿಂದ ಇಳಿಯುತ್ತೆ, ಯಾವುದು ಜೊತೆಗಾರನ ಕೂಗಿಗೆ ಮೋಸ ಹೋಗುತ್ತೆ, ಎಲ್ಲಾ ಅವರಿಗೆ ಬಾಯಿಪಾಠ. ಅವರಲ್ಲೇ ಒಬ್ಬರು ಅಲಿ ಹುಸೇನ್. ಸೊಸೈಟಿ ಜೊತೆ ದಶಕಗಳ ಕಾಲ ಕೆಲಸ ಮಾಡಿ ಹಕ್ಕಿ ವಿಜ್ಞಾನಿಗಳ ನಡುವೆ ದೊಡ್ಡ ಹೆಸರಾದರು. ಹಿಡಿದದ್ದನ್ನ ಮಾರೋ ಬದಲು ಬಿಟ್ಟುಬಿಡೋದು, ಅದಕ್ಕೆ ಸಂಬಳ! ನಮ್ಮ ಕಾರ್ಕಳದ ಎಸ್.ಎ. ಹುಸೇನ್ ಕೂಡ ಸಲೀಂ ಅಲಿ ಜೊತೆ ಈ ವಲಸೆ ಅಧ್ಯಯನದಲ್ಲಿ ದುಡಿದವರು.

ಹಿಡಿದ ಹಕ್ಕಿಯ ತೂಕ, ರೆಕ್ಕೆಯ ಉದ್ದ, ಅಂದಾಜು ವಯಸ್ಸು ಪುಸ್ತಕಕ್ಕೆ. ಮೈಮೇಲೆ ಉಣುಗು ಇದ್ರೆ ಲ್ಯಾಬಿಗೆ. ಕಾಲಿಗೆ ಅಲ್ಯುಮಿನಿಯಂ ಉಂಗುರ, ಅದರ ಮೇಲೆ ನಂಬರು, ಬಾಂಬೆ ಸೊಸೈಟಿಗೆ ತಿಳಿಸಿ ಅಂತ ಒಂದು ಸಾಲು. ಆಮೇಲೆ ಹಾರಿಬಿಡೋದು, ಕಾಯೋದು. ಸಣ್ಣ ಹಕ್ಕಿಗಳಲ್ಲಿ ನೂರಕ್ಕೆ ಒಂದು ಉಂಗುರದ ಸುದ್ದಿ ಬಂದ್ರೂ ಪುಣ್ಯ. ಆದ್ರೂ ಬಂತು. ಸೋವಿಯತ್ ಒಕ್ಕೂಟದ ಯಾವುದೋ ಮೂಲೆಯಲ್ಲಿ ಬೇಟೆಗಾರನ ಕೈಗೆ ಸಿಕ್ಕ ಬಾತು, ಅದರ ಕಾಲಲ್ಲಿ ಬೊಂಬಾಯಿಯ ವಿಳಾಸ.

ಮಧ್ಯದಲ್ಲಿ ಒಂದು ರಾಜಕೀಯವೂ ಆಯ್ತು. ಅರವತ್ತರ ದಶಕದಲ್ಲಿ ಈ ಕೆಲಸಕ್ಕೆ ದುಡ್ಡು ಬಂದಿದ್ದು ಮ್ಯಾಪ್ಸ್ ಅನ್ನೋ ಏಷ್ಯಾದಗಲದ ಯೋಜನೆಯಿಂದ. ಅದನ್ನ ನಡೆಸ್ತಿದ್ದವರು ಎಲಿಯಟ್ ಮೆಕ್‌ಕ್ಲೂರ್ ಅನ್ನೋ ಹಕ್ಕಿ ವಿಜ್ಞಾನಿ, ಖರ್ಚು ನೋಡ್ಕೊಂಡಿದ್ದು ಅಮೆರಿಕದ ಸೇನೆ. 1963ರಿಂದ 1971ರೊಳಗೆ ಏಷ್ಯಾದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹಕ್ಕಿಗಳಿಗೆ ಉಂಗುರ ಬಿತ್ತು. ವಿಯೆಟ್ನಾಂ ಯುದ್ಧದ ಕಾಲ ಅದು. ಹಕ್ಕಿ ಮೂಲಕ ರೋಗ ಹರಡೋ ಜೈವಿಕ ಯುದ್ಧಕ್ಕೆ ಇದು ತಯಾರಿನಾ ಅಂತ ಎಪ್ಪತ್ತರ ದಶಕದ ಮಧ್ಯದಲ್ಲಿ ಪತ್ರಿಕೆಗಳಲ್ಲಿ ಗುಲ್ಲೆದ್ದಿತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿಚಾರಿಸಿತು. ಸಲೀಂ ಅಲಿ ನೊಂದುಕೊಂಡರು. ನನ್ನ ಅಭಿಪ್ರಾಯ ಕೇಳಿದ್ರೆ, ಪ್ರಶ್ನೆ ಕೇಳಿದ್ದು ಸರಿ. ಬೇರೆ ದೇಶದ ಸೇನೆ ನಮ್ಮ ಕೆರೆ ದಂಡೆಯ ಹಕ್ಕಿಗೆ ದುಡ್ಡು ಕೊಡುತ್ತೆ ಅಂದ್ರೆ ಯಾರಿಗಾದ್ರೂ ಅನುಮಾನ ಬರಬೇಕು. ಆದ್ರೆ ಆ ದುಡ್ಡು ನಿಂತಾಗ ನಮ್ಮ ಜೇಬಿಂದ ಯಾರೂ ಕೊಡಲಿಲ್ಲ ನೋಡಿ, ಅದು ಸರಿಯಲ್ಲ. ಎಣಿಕೆ ಸೊರಗಿತು. ಕೋಡಿಯಕ್ಕರೈಯಲ್ಲಿ ದೊಡ್ಡ ಮಟ್ಟದಲ್ಲಿ ಮತ್ತೆ ಶುರುವಾಗಿದ್ದು 1980ರಲ್ಲಿ.

ಅಷ್ಟಕ್ಕೂ ಮೊದಲ ಪ್ರಶ್ನೆಗೆ ಉತ್ತರ ಏನು? ವಲಸೆ ಹಕ್ಕಿ ಮಂಗನ ಕಾಯಿಲೆ ತಂದಿತು ಅನ್ನೋದಕ್ಕೆ ಆಧಾರ ಸಿಗಲಿಲ್ಲ. ಕೆಎಫ್‌ಡಿ ಬಗ್ಗೆ ಕೆಲಸ ಮಾಡಿದ ಹೋರ್ಹೆ ಬೋಶೆಲ್ ಅವರು 1969ರಲ್ಲಿ ಬೆರಳು ತೋರಿಸಿದ್ದು ಬೇರೆ ಕಡೆಗೆ: ಕಾಡು ಕಡಿದು ಗದ್ದೆ ಮಾಡಿದ್ದು, ಕಾಡಂಚಲ್ಲಿ ದನ ಮೇಯಿಸಿದ್ದು, ದನದ ರಕ್ತ ಕುಡಿದು ಉಣುಗು ವಿಪರೀತ ಹೆಚ್ಚಿದ್ದು. ಅಂದ್ರೆ ವೈರಸ್ ಇಲ್ಲೇ ಎಲ್ಲೋ ಇತ್ತು, ದಾರಿ ಮಾಡಿಕೊಟ್ಟಿದ್ದು ನಾವು. 2019ರ ಹೊತ್ತಿಗೆ ಸಾಗರ ತಾಲೂಕಿನ ಅರಳಗೋಡು ಎಷ್ಟು ಜನರನ್ನ ಕಳ್ಕೊಂಡಿತು ಅಂತ ಮಲೆನಾಡಿನ ಕೇಳುಗರಿಗೆ ನಾನು ಹೇಳಬೇಕಿಲ್ಲ.

ರೋಗದ ಪ್ರಶ್ನೆ ಹೀಗೆ ಬೇರೆ ಕಡೆ ಹೋಯ್ತು. ಉಳಿದಿದ್ದು ಕೋಡಿಯಕ್ಕರೈಯ ಪುಸ್ತಕಗಳು.

ನಾನು ಬಿಕಾಂ ಓದಿದವನು. ಮೊದಲ ವರ್ಷವೇ ಹೇಳಿಕೊಡ್ತಾರೆ, ಓಪನಿಂಗ್ ಬ್ಯಾಲೆನ್ಸ್ ಇಲ್ಲದೆ ನಷ್ಟ ಎಷ್ಟು ಅಂತ ಹೇಳೋಕಾಗಲ್ಲ. ನಮ್ಮ ಬಹುತೇಕ ಜೌಗುಗಳಿಗೆ ಆ ಬ್ಯಾಲೆನ್ಸೇ ಇಲ್ಲ. ಮೊದಲು ಬಹಳ ಹಕ್ಕಿ ಬರ್ತಿದ್ವು ಅಂತ ಅಜ್ಜ ಹೇಳ್ತಾರೆ, ಅಧಿಕಾರಿ ದಾಖಲೆ ಎಲ್ಲಿ ಅಂತಾರೆ, ಮಾತು ಮುಗೀತು. ಕೋಡಿಯಕ್ಕರೈಗೆ ದಾಖಲೆ ಇದೆ. ಎಂಬತ್ತರ ದಶಕದಲ್ಲಿ ಅಲ್ಲಿ ಫ್ಲೆಮಿಂಗೊಗಳು, ನಮ್ಮ ಪತ್ರಿಕೆಗಳು ರಾಜಹಂಸ ಅಂತ ಬರೆಯೋ ಆ ಗುಲಾಬಿ ಹಕ್ಕಿಗಳು, ಹತ್ತಾರು ಸಾವಿರ ಸೇರ್ತಿದ್ವು. ಚಮಚದಂಥ ಕೊಕ್ಕಿರೋ ಪುಟ್ಟ ಗದ್ದೆಗೊರವವೂ ಆಗ ಅಲ್ಲಿ ಬಲೆಗೆ ಬಿದ್ದು ಉಂಗುರ ಹಾಕಿಸ್ಕೊಂಡಿತ್ತು. ಇವತ್ತು ಇಡೀ ಭೂಮಿಯಲ್ಲಿ ಅವು ಕೆಲವು ನೂರರ ಲೆಕ್ಕದಲ್ಲಿವೆ. ಸೊಸೈಟಿಯ ಎಸ್. ಬಾಲಚಂದ್ರನ್ ಮತ್ತು ಜೊತೆಗಾರರು ಅಲ್ಲೇ ವರ್ಷಗಟ್ಟಲೆ ಇದ್ದು ಹಳೇ ಪುಸ್ತಕದ ಜೊತೆ ಹೊಸ ಎಣಿಕೆ ಹೋಲಿಸಿದ್ದರಿಂದಲೇ ನೀರಹಕ್ಕಿಗಳು ಇಳಿದಿವೆ ಅಂತ ಖಡಕ್ಕಾಗಿ ಹೇಳೋಕಾಯ್ತು. ಕಾರಣಗಳೂ ಕಾಣಿಸಿದ್ವು: ಜೌಗಿನೊಳಗೆ ಹಬ್ಬಿದ ಉಪ್ಪಿನ ಆಗರಗಳು, ಕಮ್ಮಿಯಾದ ಸಿಹಿನೀರು, ಅದರಿಂದ ಏರಿದ ಉಪ್ಪಿನಂಶ, ಸತ್ತ ಹುಳು ಮೀನು. ಉಪ್ಪಿನ ಆಗರ ಅಂದ್ರೆ ಹಕ್ಕಿಗೆ ಶತ್ರು ಅಂತಲೂ ಅಲ್ಲ, ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರದಲ್ಲಿ ಹಕ್ಕಿ ನೋಡೋಕೆ ಜನ ಹೋಗ್ತಾರೆ. ನೀರನ್ನ ಎಷ್ಟು ಕಟ್ಟಿಹಾಕಿದ್ರು ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ರಕ್ಷಣೆ ಇರಲಿಲ್ವಾ? ಇತ್ತು. 1967ರಲ್ಲೇ ಕೋಡಿಯಕ್ಕರೈ ವನ್ಯಧಾಮ ಆಯ್ತು. ಆದ್ರೆ ಮುಖ್ಯವಾಗಿ ಕೃಷ್ಣಮೃಗಕ್ಕೆ. ಕಾಡು, ಹುಲ್ಲುಗಾವಲು ಬೇಲಿಯೊಳಗೆ ಬಂದ್ವು, ಹಕ್ಕಿ ಊಟ ಮಾಡೋ ಜೌಗಿನ ಬಹುಪಾಲು ಹೊರಗೇ ಉಳೀತು. ಅದರ ಒಂದು ದೊಡ್ಡ ತುಂಡಿನ ಹೆಸರೇ ಸರ್ಕಾರಿ ಕಾಗದದಲ್ಲಿ ‘ಸರ್ವೆ ಆಗದ ಉಪ್ಪು ಜೌಗು’. ಆಸ್ತಿ ಇದೆ, ಪುಸ್ತಕದಲ್ಲಿ ಅಳತೆ ಇಲ್ಲ! ಅಂಥದ್ದನ್ನ ಗುತ್ತಿಗೆಗೆ ಕೊಟ್ರೆ ಕಳೆದಿದ್ದೇನು ಅಂತ ಯಾರು ಕೇಳ್ತಾರೆ? 2002ರ ಆಗಸ್ಟ್‌ನಲ್ಲಿ 38,500 ಹೆಕ್ಟೇರ್ ರಾಮ್ಸರ್ ತಾಣ ಅಂತ ಘೋಷಣೆ ಆದಾಗ, ವನ್ಯಧಾಮದ ಜೊತೆ ಆ ಸರ್ವೆ ಆಗದ ಜೌಗು, ಮುತ್ತುಪೇಟೆಯ ಕಾಂಡ್ಲಾ ಎಲ್ಲಾ ಒಂದೇ ಗೆರೆಯೊಳಗೆ ಬಂದ್ವು. ಹಕ್ಕಿ ಲೆಕ್ಕ ಇಲ್ದೆ ಇದ್ದಿದ್ರೆ ಆ ಗೆರೆ ಅಷ್ಟು ದೊಡ್ಡದಾಗಿ ಎಳೆಯೋಕೆ ವಾದವೇ ಇರ್ತಿರಲಿಲ್ಲ ಅಂತ ನನಗನಿಸುತ್ತೆ.

ಗೆರೆ ಎಳೆದ ಮೇಲೂ ಕಷ್ಟ ನಿಂತಿಲ್ಲ. ಬಳ್ಳಾರಿ ಜಾಲಿ ಹಬ್ತಾನೇ ಇದೆ. 2018ರ ನವೆಂಬರ್ 16ರಂದು ಗಜ ಚಂಡಮಾರುತ ಇದೇ ತೀರಕ್ಕೆ ಬಡಿದು ಮರಗಳನ್ನ ಮಲಗಿಸಿತು, ಕೃಷ್ಣಮೃಗಗಳನ್ನ ಕೊಂದಿತು. ಚಳಿಗಾಲದ ಎಣಿಕೆ ಮಾತ್ರ ನಡೀತಾ ಇದೆ.

ನಿಮ್ಮೂರಿನ ಕೆರೆಯಲ್ಲೋ ಅಳಿವೆಯಲ್ಲೋ ಕಾಲಿಗೆ ಉಂಗುರ, ಇಲ್ಲಾ ಅಕ್ಷರ ಇರೋ ಪ್ಲಾಸ್ಟಿಕ್ ಪಟ್ಟಿ ಹಾಕ್ಕೊಂಡ ಹಕ್ಕಿ ಕಂಡ್ರೆ ಓಡಿಸಬೇಡಿ, ಹಿಡಿಯಲೂ ಬೇಡಿ. ಜೂಮ್ ಮಾಡಿ ಫೋಟೋ ತೆಗೀರಿ, ಪಟ್ಟಿಯ ಬಣ್ಣ, ನಂಬರು, ಜಾಗ, ತಾರೀಕು ಬರೆದು ಬಿಎನ್‌ಎಚ್‌ಎಸ್‌ಗೆ ಕಳಿಸಿ. ಆ ಹಕ್ಕಿಗೆ ಎಲ್ಲಿ, ಯಾವತ್ತು ಉಂಗುರ ಹಾಕಿದ್ರು ಅಂತ ಅವರ ಪುಸ್ತಕದಲ್ಲಿ ಇರುತ್ತೆ.