ಮನೋವೈದ್ಯ, ವರ್ಣಭೇದ ಮತ್ತು 'ಕಾರಣ'ದ ಅಂಕಣ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಓಣಿಯ ಕೊನೆಯಲ್ಲಿ ಏಳುತ್ತಿದ್ದ ಕಟ್ಟಡದ ಕಾವಲುಗಾರನೊಬ್ಬ, ವಿಜಯಪುರದ ಕಡೆಯವನು, ರಾತ್ರಿಯೆಲ್ಲ ನಿದ್ದೆಗೆಟ್ಟು ತನ್ನಷ್ಟಕ್ಕೆ ತಾನೇ ಮಾತಾಡತೊಡಗಿದ್ದ. ಅವನಿಗೆ ಮರಾಠಿ ಅಷ್ಟಕ್ಕಷ್ಟೆ. ದುಭಾಷಿಯಾಗಿ ನಾನು ಆಸ್ಪತ್ರೆಗೆ ಹೋದೆ. ಮನೋವೈದ್ಯ ಕಲಿಯುತ್ತಿದ್ದ ತರುಣ ಡಾಕ್ಟರೊಬ್ಬರು ವಿಚಾರಿಸಿದರು.

"ಎದಿಯಾಗ ಬೆಂಕಿ ಇಟ್ಟಂಗ ಆಗೇತ್ರಿ ಸಾಹೇಬ್ರ, ಮಂದಿ ನನ್ನ ನೋಡಿ ಏನೇನೋ ಅಂತಾರ್ರಿ" ಎಂದ.

ನಾನು ಇದನ್ನು "ಎದೆಯುರಿಯಂತೆ, ಜನರ ಮೇಲೆ ಸಂಶಯವಂತೆ" ಎಂದು ಎರಡೇ ಮಾತಿನಲ್ಲಿ ಮುಗಿಸಿದೆ. ಸಾಲದ್ದಕ್ಕೆ "ಈ ಜನ ಸ್ವಲ್ಪ ಕುಡಿಯುತ್ತಾರೆ" ಎಂದು ನನ್ನದೇ ಒಂದು ಮಾತನ್ನೂ ಸೇರಿಸಿದೆ. ಡಾಕ್ಟರು ಕಾಗದದ ಮೇಲೆ ಮೊದಲು ಬರೆದದ್ದು ಅದನ್ನೇ. ಅವರ ಹಿರಿಯರು ಬಂದು ಓದಿ, "ಕುಡಿಯುವುದನ್ನು ಕಂಡವರು ಯಾರು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನಿಧಾನವಾಗಿ ಮತ್ತೆ ಕೇಳಿದಾಗ ನಿಜ ಹೊರಬಿತ್ತು. ಆತ ಹೆಂಡ ಮುಟ್ಟಿದವನೇ ಅಲ್ಲ. ಕಟ್ಟಡದಲ್ಲಿ ಏನೋ ಕಳುವಾದಾಗ ಎಲ್ಲರೆದುರು ಅವನ ಜಾತಿ ಹಿಡಿದು ಬೈದಿದ್ದರು. ಕುಡಿಯುವ ನೀರಿನ ಪೀಪಾಯಿ ಮುಟ್ಟಬಾರದೆಂದೂ ಹೇಳಿದ್ದರು.

ನಾನು ವೈದ್ಯನಲ್ಲ, ಕಚೇರಿಯಲ್ಲಿ ನಮೂನೆಗಳ ಅಂಕಣ ತುಂಬುವ ಗುಮಾಸ್ತ. ಆದರೆ ಆ ದಿನದ ನಾಚಿಕೆ ನನ್ನನ್ನು ಮನೋವೈದ್ಯದ ಚರಿತ್ರೆ ಓದುವಂತೆ ಮಾಡಿತು. ನನ್ನ ತಪ್ಪು ಹೊಸದೇನೂ ಅಲ್ಲವೆಂದು ಆಗ ತಿಳಿಯಿತು.

1851ರಲ್ಲಿ ಅಮೆರಿಕದ ಲೂಸಿಯಾನಾ ಪ್ರಾಂತದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಒಂದು ಹೊಸ 'ರೋಗ'ವನ್ನು ಕಂಡುಹಿಡಿದ. ಗುಲಾಮರಾದ ಕರಿಯರು ಒಡೆಯರಿಂದ ತಪ್ಪಿಸಿಕೊಂಡು ಓಡಿಹೋಗುವುದೇ ಆ ರೋಗ! 'ಡ್ರಾಪೆಟೋಮೇನಿಯಾ' ಎಂದು ಅದಕ್ಕೆ ಹೆಸರಿಟ್ಟು, ಚಾವಟಿಯೇಟನ್ನು ಉಪಾಯವಾಗಿ ಸೂಚಿಸಿದ. ಸ್ವಾತಂತ್ರ್ಯದ ಹಂಬಲವನ್ನೇ ಹುಚ್ಚೆಂದು ಕರೆದ ಇಂಥ ಪರಂಪರೆಗಾಗಿ ಅಮೆರಿಕದ ಮನೋವೈದ್ಯರ ಸಂಘ ಬಹಿರಂಗವಾಗಿ ಕ್ಷಮೆ ಕೇಳಿದ್ದು 2021ರಲ್ಲಿ.

ನಮ್ಮ ದೇಶದಲ್ಲಿ ಹುಚ್ಚಿಗೂ ಬಣ್ಣದ ಬೇಲಿಯಿತ್ತು. 1918ರಲ್ಲಿ ರಾಂಚಿಯಲ್ಲಿ ಯುರೋಪಿಯನ್ನರಿಗಾಗಿಯೇ ಪ್ರತ್ಯೇಕ ಆಸ್ಪತ್ರೆ ತೆರೆಯಿತು. ಭಾರತೀಯರದು 1925ರಲ್ಲಿ ಪಕ್ಕದಲ್ಲೇ ಬೇರೆಯಾಗಿ ಬಂತು. ಯುರೋಪಿಯನ್ ಆಸ್ಪತ್ರೆಯ ಮುಖ್ಯಸ್ಥ ಓವನ್ ಬರ್ಕ್ಲಿ-ಹಿಲ್ ಒಳ್ಳೆಯ ಸುಧಾರಕರು. ಅವರ ಪತ್ನಿ ಮಲಬಾರಿನ ಹಿಂದೂ ಮಹಿಳೆ. ಆದರೂ 1921ರ ಲೇಖನವೊಂದರಲ್ಲಿ ಅವರು ಹಿಂದೂಗಳ ಧರ್ಮ, ತತ್ತ್ವ, ಸ್ವಭಾವಗಳನ್ನೆಲ್ಲ ಶೈಶವದ ಮಲವಿಸರ್ಜನೆಯ ಅಭ್ಯಾಸಕ್ಕೆ ಗಂಟುಹಾಕಿ, ಇಡೀ ಜನಾಂಗವನ್ನೇ ರೋಗಿಯ ಹಾಸಿಗೆಯ ಮೇಲೆ ಮಲಗಿಸಿದರು. ಪೂರ್ವಗ್ರಹ ಕೆಟ್ಟವರ ಸೊತ್ತು ಮಾತ್ರವಲ್ಲ.

ನನ್ನಂಥ ಗುಮಾಸ್ತರಿಗೆ ಹೆಚ್ಚು ನಾಟುವುದು ಅದಕ್ಕೂ ಹಿಂದಿನ ಒಂದು ಪ್ರಸಂಗ. ಹತ್ತೊಂಬತ್ತನೆಯ ಶತಮಾನದ ಹುಚ್ಚಾಸ್ಪತ್ರೆಗಳ ದಾಖಲೆಯಲ್ಲಿ 'ಕಾರಣ' ಎಂಬ ಅಂಕಣವೊಂದಿತ್ತು. ಅದರಲ್ಲಿ ಮೇಲಿಂದ ಮೇಲೆ ಕಾಣಿಸುತ್ತಿದ್ದ ಪದ 'ಗಾಂಜಾ'. ಇದನ್ನು ನಂಬಿ, ಗಾಂಜಾ ಸೇದಿಯೇ ಈ ದೇಶದವರು ಹುಚ್ಚರಾಗುತ್ತಾರೆ ಎಂದು ಲಂಡನ್ನಿನವರೆಗೂ ಕೂಗೆದ್ದಿತು. 1893-94ರಲ್ಲಿ ಸರ್ಕಾರ ನೇಮಿಸಿದ ಭಾಂಗ್-ಗಾಂಜಾ ವಿಚಾರಣಾ ಆಯೋಗವು 1892ರಲ್ಲಿ ಆಸ್ಪತ್ರೆ ಸೇರಿದವರ ಪ್ರಕರಣಗಳನ್ನು ಒಂದೊಂದಾಗಿ ತೆಗೆಸಿ ನೋಡಿತು. ಆ ವರ್ಷ ಸೇರಿದ 1,344 ಜನರಲ್ಲಿ 222 ಮಂದಿಯ ಹೆಸರಿನ ಮುಂದೆ ಗಾಂಜಾ, ಭಾಂಗ್ ಮುಂತಾದವೇ ಕಾರಣವೆಂದಿತ್ತು. ಊರುಮನೆಗಳಲ್ಲಿ ವಿಚಾರಿಸಿದ ಮೇಲೆ ಉಳಿದದ್ದು 98. ಅವುಗಳಲ್ಲೂ ಹಲವಕ್ಕೆ ಬೇರೆ ಕಾರಣಗಳು ಕೂಡಿಕೊಂಡಿದ್ದವು. ಮಿಕ್ಕವು ಎಲ್ಲಿಂದ ಬಂದವು? ಹಿಡಿದುತಂದ ಪೊಲೀಸನು ಊಹಿಸಿ ಬರೆದದ್ದನ್ನು ಕಾರಕೂನ ನಕಲು ಮಾಡಿದ. ರೋಗಿಯ ಭಾಷೆಯರಿಯದ, ಹತ್ತು ಕೆಲಸಗಳ ನಡುವೆ ಆಸ್ಪತ್ರೆಯನ್ನೂ ನೋಡಿಕೊಳ್ಳುತ್ತಿದ್ದ ವೈದ್ಯ ಅದಕ್ಕೆ ಸಹಿ ಹಾಕಿದ. "ಈ ಜನ ಹೀಗೇ" ಎಂಬ ನಂಬಿಕೆಯಿದ್ದಲ್ಲಿ ಖಾಲಿ ಅಂಕಣ ತಾನಾಗಿ ತುಂಬಿಕೊಳ್ಳುತ್ತದೆ. ನಾನು 'ಕುಡಿತ' ಎಂದೆ, ಅವರು 'ಗಾಂಜಾ' ಎಂದರು. ವ್ಯತ್ಯಾಸ ಇಷ್ಟೇ.

ಇದಕ್ಕೆ ಮದ್ದೂ ಉಂಟು. ಅದರ ಒಂದು ಉದಾಹರಣೆ ನಮ್ಮ ಕನ್ನಡ ನಾಡಿನಲ್ಲೇ ಇದೆಯೆಂಬುದು ಹೆಮ್ಮೆಯ ಸಂಗತಿ. ಮೈಸೂರು ಸಂಸ್ಥಾನದ ಕಾಲದಿಂದ ಬೆಂಗಳೂರಿನಲ್ಲಿದ್ದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಅಲ್ಲಿ ಮುಂದೆ ಪ್ರಾಧ್ಯಾಪಕರಾದ ಡಾ. ಆರ್. ಎಲ್. ಕಪೂರ್ ಅವರು ಎಡಿನ್‌ಬರೋದ ಪ್ರೊ. ಕಾರ್‌ಸ್ಟೇರ್ಸ್ ಜೊತೆಗೂಡಿ, ಶಿವರಾಮ ಕಾರಂತರ ಹುಟ್ಟೂರಾದ ಕೋಟದಲ್ಲಿ ಮನೆಮನೆಯ ಸಮೀಕ್ಷೆ ನಡೆಸಿದರು. ಬ್ರಾಹ್ಮಣರು, ಬಂಟರು, ಮೊಗವೀರರು ಎಂಬ ಮೂರು ಸಮುದಾಯಗಳನ್ನು ಅಭ್ಯಸಿಸಿದ ಅವರ ಪುಸ್ತಕ 1976ರಲ್ಲಿ ಹೊರಬಂತು. ಪಾಶ್ಚಾತ್ಯರ ಪ್ರಶ್ನಾವಳಿಯನ್ನು ಹಾಗೆಯೇ ತಂದಿಡದೆ, ನಮ್ಮ ಜನ ಹೇಳಿಕೊಳ್ಳುವ ಮೈಕೈನೋವು, ಮೈಮೇಲೆ ಬರುವುದು ಮುಂತಾದವಕ್ಕೂ ಅದರಲ್ಲಿ ಜಾಗ ಮಾಡಿದರು. ಜನ ಮೊದಲು ಯಾರ ಬಳಿ ಹೋಗುತ್ತಾರೆಂದು ತಿಳಿಯಲು ವೈದ್ಯರು, ಮಂತ್ರವಾದಿಗಳು, ಪಾತ್ರಿಗಳನ್ನೂ ಮಾತಾಡಿಸಿದರು. ತೀರ್ಪಿಗೆ ಮೊದಲು ಕೇಳುವುದೇ ಅಲ್ಲಿಯ ಪಾಠ.

ನಮ್ಮ ಪುಣೆಗೂ ಇದರಲ್ಲಿ ಪಾಲಿದೆ. ಇಲ್ಲಿನ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಓದಿದ ದಿನೇಶ್ ಭುಗ್ರಾ ಬ್ರಿಟನ್ನಿಗೆ ಹೋಗಿ, ವಲಸೆ ಬಂದವರ ಮನೋರೋಗಗಳನ್ನು ಅಭ್ಯಸಿಸಿದರು. 2008ರಿಂದ 2011ರವರೆಗೆ ಅಲ್ಲಿನ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್‌ನ ಅಧ್ಯಕ್ಷರೂ ಆಗಿದ್ದರು. ಅದೇ ಬ್ರಿಟನ್ನಿನ ನಾರಿಚ್ ಊರಿನ ಚಿಕಿತ್ಸಾಲಯವೊಂದರಲ್ಲಿ 1998ರಲ್ಲಿ ಡೇವಿಡ್ ಬೆನೆಟ್ ಎಂಬ ಕರಿಯ ರೋಗಿ, ಇನ್ನೊಬ್ಬ ರೋಗಿಯಿಂದ ಬಣ್ಣದ ಬೈಗುಳ ಕೇಳಿದ ರಾತ್ರಿಯೇ, ಸಿಬ್ಬಂದಿ ನೆಲಕ್ಕೊತ್ತಿ ಹಿಡಿದಿದ್ದಾಗ ಪ್ರಾಣಬಿಟ್ಟ. 2004ರಲ್ಲಿ ಪ್ರಕಟವಾದ ವಿಚಾರಣಾ ವರದಿ, ವರ್ಣಭೇದ ಒಬ್ಬಿಬ್ಬರ ಮನಸ್ಸಿನಲ್ಲಲ್ಲ, ವ್ಯವಸ್ಥೆಯಲ್ಲೇ ಇದೆ ಎಂದಿತು; ಸಿಬ್ಬಂದಿಗೆಲ್ಲ ಈ ಬಗ್ಗೆ ಶಿಕ್ಷಣ ಕೊಡಬೇಕೆಂದು ಹೇಳಿತು.

"ಅದು ಬಿಳಿಯರ ಪಾಪ, ನಮಗೇನು?" ಎನ್ನುವಂತಿಲ್ಲ. ಅಲ್ಲಿ ಬಣ್ಣ, ಇಲ್ಲಿ ಜಾತಿ. ದೆಹಲಿಯ ಏಮ್ಸ್‌ನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳು ಭೇದಭಾವಕ್ಕೆ ಗುರಿಯಾಗುತ್ತಿದ್ದಾರೆಂದು ಪ್ರೊ. ಸುಖದೇವ್ ಥೋರಟ್ ಸಮಿತಿ 2007ರಲ್ಲೇ ವರದಿ ಮಾಡಿತು. ವೈದ್ಯನಾಗಲು ಹೊರಟವನೇ ಅವಮಾನಿತನಾದಲ್ಲಿ ರೋಗಿಯ ಪಾಡೇನು? 2017ರ ಮಾನಸಿಕ ಆರೋಗ್ಯ ಕಾಯಿದೆಯು ಚಿಕಿತ್ಸೆಯಲ್ಲಿ ಜಾತಿ, ಧರ್ಮ, ಸಂಸ್ಕೃತಿಗಳ ಭೇದ ಸಲ್ಲದೆನ್ನುತ್ತದೆ. ಒಬ್ಬನು ಯಾವ ಜನಾಂಗದವನು, ಎಂಥ ಬಡವ ಎಂಬುದರ ಮೇಲೆ ಅವನ ಮನೋರೋಗವನ್ನು ತೀರ್ಮಾನಿಸಬಾರದೆಂದೂ ಹೇಳುತ್ತದೆ. ಕಾಯಿದೆ ಕಾಗದದಲ್ಲಿದ್ದರೆ ಸಾಲದು. ಮನೋವೈದ್ಯ ಕಲಿಯುವ ತರುಣರಿಗೆ ಔಷಧಿಗಳ ಜೊತೆಗೆ ಈ ಚರಿತ್ರೆಯನ್ನೂ ಹೇಳಿಕೊಡಬೇಕು. ರೋಗಿಯ ಮನಸ್ಸನ್ನು ಪರೀಕ್ಷಿಸುವ ಮೊದಲು ತನ್ನ ಕಣ್ಣನ್ನೊಮ್ಮೆ ಪರೀಕ್ಷಿಸಿಕೊಳ್ಳುವುದು ಅವರಿಗೆ ಅಭ್ಯಾಸವಾಗಬೇಕು. ಅಂದು ನಾನು ಕಂಡ ಆ ಹಿರಿಯ ವೈದ್ಯರು ಒಂದೇ ಪ್ರಶ್ನೆಯಲ್ಲಿ ಕಲಿಸಿದ್ದು ಅದನ್ನೇ.

ನಮಗೂ ಒಂದು ಕೆಲಸವಿದೆ. ಕಲಬುರಗಿ, ವಿಜಯಪುರಗಳಿಂದ ಕೂಲಿಗೆ ಬಂದ ಕನ್ನಡಿಗರು ಈ ಊರಿನಲ್ಲಿ ಕಡಿಮೆಯಿಲ್ಲ. ಅವರಲ್ಲೊಬ್ಬರು ಆಸ್ಪತ್ರೆಯಲ್ಲಿ ಮಾತು ಸಿಕ್ಕದೆ ನಿಂತರೆ ಜೊತೆಗೆ ಹೋಗೋಣ. ಆದರೆ ಅವರು ಹೇಳಿದ್ದನ್ನು ಹೇಳಿದಷ್ಟೇ ಹೇಳೋಣ, ನಮ್ಮದನ್ನು ಸೇರಿಸದಿರೋಣ. ಆ ಕಾವಲುಗಾರ ಗುಣವಾಗಿ ಊರಿಗೆ ಹೋದ. ಹೊರಡುವಾಗ "ನನ್ನ ಮಾತು ಡಾಕ್ಟರಿಗೆ ತಿಳಿಸಿದ್ರಿ, ಭಾಳ ಉಪಕಾರಾತ್ರಿ" ಎಂದು ಕೈಮುಗಿದ. ಮೊದಲ ಸಲ ನಾನು ತಿಳಿಸಿದ್ದೇನೆಂಬುದು ಅವನಿಗೆ ಗೊತ್ತಿರಲಿಲ್ಲ.