ಷಡ್ರಸಗಳ ಎಣಿಕೆಯೂ ಮಹಾವೀರಾಚಾರ್ಯನ ಸೂತ್ರವೂ

ಆರು ಅಂಶಗಳುಳ್ಳ ಗಣಕ್ಕೆ ಉಪಗಣಗಳೆಷ್ಟು ಎಂಬಂತಹ ಪ್ರಶ್ನೆಗಳು ಇಂದಿನ ಗಣಿತಸ್ಪರ್ಧೆಗಳಲ್ಲಿ ಸುಪರಿಚಿತವಾಗಿವೆ. ಯಾದಗಿರಿ, ಶಹಾಪುರ, ಸುರಪುರಗಳ ವಿದ್ಯಾರ್ಥಿಗಳಿಗೆ ಇದು ಕೇವಲ ಹೊರನಾಡಿನಿಂದ ಬಂದ ವಿದ್ಯೆಯಲ್ಲ. ಯಾದಗಿರಿಯ ಉತ್ತರಕ್ಕೆ, ಭೀಮೆಯ ಉಪನದಿಯಾದ ಕಾಗಿಣೆಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು (ಕ್ರಿ. ಶ. 814–878) ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಸ್ತುತಿಸಿದ್ದಾನೆ. ಗ್ರಂಥದ ಕಾಲವನ್ನು ಸುಮಾರು 850 ಎಂದು ನಿರ್ಣಯಿಸಲು ಈ ಸ್ತುತಿಯೇ ಮುಖ್ಯ ಆಧಾರ.

ಈ ಸಂಸ್ಕೃತ ಗ್ರಂಥದ ಮಿಶ್ರಕ ವ್ಯವಹಾರದಲ್ಲಿ ಆತನು ಕಷಾಯ, ತಿಕ್ತ, ಆಮ್ಲ, ಕಟು, ಲವಣ, ಮಧುರ ಎಂಬ ಆರು ರಸಗಳ ಸಂಯೋಗಭೇದಗಳನ್ನು ಕೇಳುತ್ತಾನೆ. ಅದಕ್ಕೆ ಆತನು ಹೇಳುವ ಸೂತ್ರವಿದು: 1ರಿಂದ 6ರವರೆಗಿನ ಅಂಕಗಳನ್ನು ಮೇಲಿನ ಪಂಕ್ತಿಯಲ್ಲಿ ಕ್ರಮವಾಗಿಯೂ ಕೆಳಗಿನ ಪಂಕ್ತಿಯಲ್ಲಿ ವ್ಯುತ್ಕ್ರಮವಾಗಿಯೂ ಬರೆದು, ಬಲದಿಂದ ಬೇಕಾದಷ್ಟು ಅಂಕಗಳನ್ನು ತೆಗೆದುಕೊಂಡು, ಮೇಲಿನವುಗಳ ಗುಣಲಬ್ಧವನ್ನು ಕೆಳಗಿನವುಗಳ ಗುಣಲಬ್ಧದಿಂದ ಭಾಗಿಸಬೇಕು. ಮೂರು ರಸಗಳ ಸಂಯೋಗಕ್ಕೆ 6×5×4 ಅನ್ನು 1×2×3 ರಿಂದ ಭಾಗಿಸಲು 20 ಬರುತ್ತದೆ. ಹೀಗೆ ಕ್ರಮವಾಗಿ 6, 15, 20, 15, 6, 1, ಒಟ್ಟು 63.

63 ಎಂಬ ಉತ್ತರವು ಮಹಾವೀರನ ಸ್ವಂತ ಶೋಧವಲ್ಲ. ಸುಶ್ರುತಸಂಹಿತೆಯು ರಸಭೇದಗಳನ್ನು ಒಂದೊಂದಾಗಿ ವಿಂಗಡಿಸಿ ಇದೇ ಸಂಖ್ಯೆಯನ್ನು ಹೇಳಿದೆ. ವೈದ್ಯನ ಪಟ್ಟಿಯು ಆರು ರಸಗಳಿಗೆ ಮಾತ್ರ ಸಲ್ಲುತ್ತದೆ. ಗಣಿತಜ್ಞನ ಸೂತ್ರವಾದರೋ ಎಷ್ಟು ವಸ್ತುಗಳಿಗಾದರೂ ಸಲ್ಲುತ್ತದೆ. ಆದ್ದರಿಂದಲೇ ಮಹಾವೀರನು ರಸಗಳ ಬೆನ್ನಿಗೇ ಹಾರದ ರತ್ನಗಳಿಗೂ ಅದನ್ನು ಅನ್ವಯಿಸುತ್ತಾನೆ. ಆತನ ಹಿರಿಮೆಯನ್ನು ಉತ್ತರದಲ್ಲಲ್ಲ, ಈ ಸಾಮಾನ್ಯ ವಿಧಾನದಲ್ಲಿ ಅರಸಬೇಕು.

ಆದರೆ ಇಂದಿನ ವಿದ್ಯಾರ್ಥಿಯು ಕೊಡಬೇಕಾದ ಉತ್ತರ 63 ಅಲ್ಲ, 64. ಒಂದು ಅಂಶವೂ ಇಲ್ಲದ ಶೂನ್ಯಗಣವನ್ನೂ ಅವನು ಎಣಿಸಬೇಕು. ರಸವೊಂದೂ ಇಲ್ಲದ ರಸಸಂಯೋಗವಾಗಲಿ ರತ್ನವಿಲ್ಲದ ರತ್ನಹಾರವಾಗಲಿ ಇರಲಾರದಾದುದರಿಂದ ಮಹಾವೀರನ ಲೆಕ್ಕದಲ್ಲಿ ಅದಕ್ಕೆ ಎಡೆಯಿಲ್ಲ. ಛಂದಶ್ಶಾಸ್ತ್ರದಲ್ಲಿಯಾದರೋ ಆರಕ್ಷರದ ಪಾದಕ್ಕೆ 64 ಭೇದಗಳು. ಗುರುವೊಂದೂ ಇಲ್ಲದ, ಎಲ್ಲವೂ ಲಘುವಾದ ಪಾದವೂ ಅಲ್ಲಿ ಪಾದವೇ. ಅದೇ ವ್ಯವಹಾರದ ಕೊನೆಯಲ್ಲಿ ಮಹಾವೀರನು ಛಂದಸ್ಸಿನ ಪ್ರಸ್ತಾರವನ್ನೂ ವಿವರಿಸಿರುವುದರಿಂದ ಈ ಎರಡು ಎಣಿಕೆಗಳೂ ಒಂದೇ ಗ್ರಂಥದಲ್ಲಿ ನೆಲೆಗೊಂಡಿವೆ.

ಇಷ್ಟರಿಂದ ಆಧುನಿಕ ಗಣಸಿದ್ಧಾಂತವನ್ನೇ ಆತನಿಗೆ ಆರೋಪಿಸುವುದು ಇತಿಹಾಸವಾಗಲಾರದು. ಆ ಸಿದ್ಧಾಂತವು 19ನೆಯ ಶತಮಾನದ್ದು. ಆದರೆ ಸಂಯೋಗಗಳ ಸಾಮಾನ್ಯ ಸೂತ್ರವು ನೃಪತುಂಗನ ಕಾಲದಲ್ಲಿಯೇ ಸ್ಪಷ್ಟವಾಗಿ ಉಕ್ತವಾಗಿತ್ತೆಂಬುದು ನಿರ್ವಿವಾದ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ಮೂಲದಲ್ಲಿ ಅದನ್ನು ಯಾರಾದರೂ ಪರಿಶೀಲಿಸಬಹುದು. ನಮ್ಮ ಶಾಲೆಗಳಲ್ಲಿ ಈ ಸೂತ್ರವನ್ನು ಬೋಧಿಸುವಾಗ ಮಾನ್ಯಖೇಟದ ಕಾಲದ ಆ ಆಚಾರ್ಯನ ಹೆಸರನ್ನೂ ಹೇಳುವುದು ಉಚಿತ.