ತುಂಬದ ತುಂಬೆಯೂ ಕೊಚ್ಚಿಯ ಹನ್ನೆರಡು ಸಂಪುಟಗಳೂ

ತಿರುವನಂತಪುರದ ‘ತುಂಬ’ ಎಂದೊಡನೆ ಎಲ್ಲರಿಗೂ ನೆನಪಾಗುವುದು ರಾಕೆಟ್ಟು. 1963ರ ನವೆಂಬರ್ 21ರಂದು ಈ ಮೀನುಗಾರರ ಹಳ್ಳಿಯಿಂದ ಹಾರಿದ್ದೇ ಭಾರತದ ನೆಲದಿಂದ ಆಕಾಶದ ಶೋಧಕ್ಕೆ ಹೊರಟ ಮೊದಲ ರಾಕೆಟ್. (ಶ್ರೀರಂಗಪಟ್ಟಣದ ಬಾಣಗಳ ಮಾತು ಬೇರೆ.) ನಮ್ಮಲ್ಲಿ ಹಲವು ಕುಟುಂಬಗಳನ್ನು ಈ ಕಡಲತೀರಕ್ಕೆ ಕರೆತಂದದ್ದೂ ಆ ನೌಕರಿಯೇ. ಆದರೆ ಊರಿಗೆ ಹೆಸರು ಬಂದದ್ದು ಒಂದು ಪುಟ್ಟ ಗಿಡದಿಂದ ಎನ್ನುತ್ತಾರೆ. ಮಲಯಾಳಿಗಳ ತುಂಬ ನಮ್ಮ ತುಂಬೆಯೇ.

ಈ ಸಂಗತಿ ನಮಗೆ ತಿಳಿದದ್ದು ಒಂದು ಓಣಂ ದಿನ. ಹೂವಿನ ರಂಗೋಲಿಗೆಂದು ಮಕ್ಕಳು ಬೊಗಸೆಯಲ್ಲಿ ಬಿಳಿ ಹೂ ತಂದರು. “ಅಜ್ಜೀ, ಇದು ತುಂಬಪ್ಪೂ” ಎಂದಿತು ನಮ್ಮ ಮನೆಯ ಮಗು. ಊರಿನಿಂದ ಬಂದಿದ್ದ ಅಜ್ಜಿ, “ಅಲ್ಲ ಮಗಾ, ಇದು ತುಂಬೆ. ಶಿವನಿಗೆ ಇದೊಂದು ಹೂವಿದ್ದರೆ ಸಾಕು” ಎಂದರು. ಮಗುವಿಗೆ ಕನ್ನಡದ ಹೆಸರು ಗೊತ್ತಿರಲಿಲ್ಲ, ಅಜ್ಜಿಗೆ ಮಲಯಾಳದ್ದು. ನಡುವೆ ನಿಂತ ನಮಗೆ ಹೆಸರೆರಡೂ ಗೊತ್ತಿದ್ದರೂ ಅವೆರಡೂ ಒಂದೇ ಗಿಡದವೆಂಬುದು ಹೊಳೆದಿರಲಿಲ್ಲ. ಆ ಸಂಜೆಯೇ ಹಳೆಯದೊಂದು ಲೆಕ್ಕದ ಪುಸ್ತಕದ ಖಾಲಿ ಹಾಳೆಗಳಲ್ಲಿ ಗಿಡಮರಗಳ ದಿನಚರಿ ಬರೆಯತೊಡಗಿದೆವು. ಹೀಗೆ ಬರೆಯುವುದು ಹೇಗೆಂದು ಕಲಿಯಹೊರಟಾಗ ನಮ್ಮನ್ನು ಕೈಹಿಡಿದು ಕರೆದೊಯ್ದದ್ದು, ಇಲ್ಲಿಂದ ಇನ್ನೂರು ಕಿಲೋಮೀಟರ್ ಉತ್ತರದ ಕೊಚ್ಚಿಯಲ್ಲಿ ಮುನ್ನೂರೈವತ್ತು ವರ್ಷಗಳ ಹಿಂದೆ ಸಿದ್ಧವಾದ ಒಂದು ಗ್ರಂಥ.

ಅದೇ ‘ಹೋರ್ಟುಸ್ ಮಲಬಾರಿಕುಸ್’, ಎಂದರೆ ಮಲಬಾರಿನ ತೋಟ. ಅದನ್ನು ಮಾಡಿಸಿದವನು ಡಚ್ ಕಂಪನಿಯ ಮಲಬಾರ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್. ಆತ ಸಸ್ಯಶಾಸ್ತ್ರಜ್ಞನಲ್ಲ, ಕೋಟೆಗಳಿಗಾಗಿ ಹೋರಾಡಿದ ಸಿಪಾಯಿ. ಕಾಡುಗಳ ನಡುವೆ ಪ್ರಯಾಣ ಮಾಡುತ್ತ ಗಿಡಬಳ್ಳಿಗಳ ಸಮೃದ್ಧಿಗೆ ಬೆರಗಾದವನು. ಬೆರಗಿನ ಜೊತೆಗೆ ವ್ಯಾಪಾರದ ಲೆಕ್ಕವೂ ಇತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಯುರೋಪಿನಿಂದ ಹಡಗಿನಲ್ಲಿ ತರಿಸುತ್ತಿದ್ದ ಔಷಧಿ ದುಬಾರಿಯಾಗುತ್ತಿತ್ತು. ಸಿಂಹಳಕ್ಕಿಂತ ಕೊಚ್ಚಿ ಕಡಮೆಯಲ್ಲವೆಂದು ಮೇಲಿನವರಿಗೆ ತೋರಿಸಬೇಕಾಗಿತ್ತು.

ಮೊದಲ ಪ್ರಯತ್ನ ಸರಿಬರಲಿಲ್ಲ. ಮ್ಯಾಥ್ಯೂ ಎಂಬ ಕಾರ್ಮೆಲೈಟ್ ಪಾದ್ರಿ ಬರೆದಿದ್ದ ಚಿತ್ರಗಳು ಸಾಲವೆನಿಸಿ ಕೆಲಸ ಹೊಸದಾಗಿ ಆರಂಭವಾಯಿತು. ಹೊಸಬರಾದ ನಮಗೆ ಇದನ್ನು ಓದಿ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆವು, ಏಕೆಂದರೆ ನಮ್ಮ ಮೊದಲ ತುಂಬೆಯ ಚಿತ್ರ ಮಲ್ಲಿಗೆಯಂತೆ ಕಾಣುತ್ತಿತ್ತು!

ಆಮೇಲಿನ ಕ್ರಮ ನೋಡಿ. ಗಿಡಗಳ ಪರಿಚಯವಿದ್ದ ಆಳುಗಳು ಕಾಡಿಗೆ ಹೋಗಿ ಎಲೆ, ಹೂ, ಕಾಯಿಗಳಿದ್ದ ಕೊಂಬೆಗಳನ್ನು ತರುತ್ತಿದ್ದರು. ಚಿತ್ರಕಾರರು ಅವನ್ನು ಕಣ್ಣೆದುರಿಗಿಟ್ಟುಕೊಂಡೇ ಬರೆಯುತ್ತಿದ್ದರು. ಸ್ಥಳೀಯ ವೈದ್ಯರ ಮಂಡಲಿ ಹೆಸರು, ಗುಣ, ಉಪಯೋಗಗಳನ್ನು ಹೇಳುತ್ತಿತ್ತು. ಅವರಲ್ಲಿ ಮುಖ್ಯರು ಚೇರ್ತಲ ಕಡೆಯ ಈಳವ ವೈದ್ಯ ಇಟ್ಟಿ ಅಚ್ಚುದನ್. ಜೊತೆಗೆ ಮೂವರು ಕೊಂಕಣಿಗರು, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ಗೋವೆಯಿಂದ ಕೆಲವರು ನಮ್ಮ ಕನ್ನಡ ಕರಾವಳಿಗೂ ಕೆಲವರು ಕೊಚ್ಚಿಗೂ ಬಂದು ನೆಲೆಸಿದ ಸಮಾಜ ಅವರದು. ಅವರೂ ವಲಸೆ ಬಂದವರ ಮಕ್ಕಳೇ ಎಂಬುದನ್ನು ನಾವು ವಿಶೇಷವಾಗಿ ಗಮನಿಸಿದೆವು. ಅಭಿಪ್ರಾಯಭೇದ ಬಂದಾಗ ಈ ವಿದ್ವಾಂಸರು ಜಗಳವಿಲ್ಲದೆ, ಹಳೆಯ ಶ್ಲೋಕಗಳ ಆಧಾರ ಕೊಟ್ಟು ಚರ್ಚಿಸುತ್ತಿದ್ದುದನ್ನು ವಾನ್ ರೀಡ್ ಮೆಚ್ಚಿ ಬರೆದಿದ್ದಾನೆ. ನಮ್ಮ ಸಂಘಸಂಸ್ಥೆಗಳ ಸಭೆಗಳೂ ಹಾಗೆ ನಡೆದರೆ!

ಅಚ್ಚುದನ್ ಮಲಯಾಳದಲ್ಲಿ ಹೇಳಿದ್ದು ಪೋರ್ಚುಗೀಸಿಗೆ, ಅಲ್ಲಿಂದ ಡಚ್ಚಿಗೆ, ಕೊನೆಗೆ ಲ್ಯಾಟಿನ್ನಿಗೆ ಹೋಯಿತು. ಇಷ್ಟು ಬಾಯಿ ದಾಟಿದರೂ ಗಿಡದ ಹೆಸರು ಮಾತ್ರ ಅನುವಾದವಾಗಲಿಲ್ಲ. ಇಲ್ಲಿಯ ಜನ ಕರೆದಂತೆಯೇ ಉಳಿಯಿತು. ಮೊದಲ ಚಿತ್ರ ತೆಂಗಿನದು, ಹೆಸರು ‘ತೆಂಙ’. 1678ರಿಂದ 1693ರವರೆಗೆ ಆಮ್ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳು ಅಚ್ಚಾದವು. ಒಟ್ಟು 742 ಸಸ್ಯಗಳ ವರ್ಣನೆ. ಮಾಡಿಸಿದವನು ಕೊನೆಯ ಸಂಪುಟ ನೋಡಲಿಲ್ಲ. 1691ರಲ್ಲಿ ಹಡಗಿನಲ್ಲೇ ತೀರಿಕೊಂಡ. ಮುಂದೆ ಲಿನೇಯಸ್ ತನ್ನ ನಾಮಕರಣಗಳಿಗೆ ಈ ಗ್ರಂಥವನ್ನು ಆಧಾರವಾಗಿ ಬಳಸಿದ. ನಮ್ಮ ಅಡಿಗೆಮನೆಯ ಏಲಕ್ಕಿಗೆ ಶಾಸ್ತ್ರದಲ್ಲಿರುವ ‘ಎಲೆಟ್ಟೇರಿಯ’ ಎಂಬ ಹೆಸರು ಈ ಪುಸ್ತಕದಲ್ಲಿ ದಾಖಲಾದ ಮಲಯಾಳದ ಮಾತಿನಿಂದಲೇ ಬಂದದ್ದು.

ನಮ್ಮ ಮನಸ್ಸನ್ನು ಹಿಡಿದದ್ದು ಮೊದಲ ಸಂಪುಟದ ಮುಂಭಾಗದ ಪುಟಗಳು. ಅಚ್ಚುದನ್ 1675ರ ಏಪ್ರಿಲ್ 20ರಂದು ಕೊಟ್ಟ ಪ್ರಮಾಣಪತ್ರ ಅವರದೇ ಲಿಪಿಯಲ್ಲಿ, ಕೊಂಕಣಿ ವೈದ್ಯರದು ನಾಗರಿಯಲ್ಲಿ ಅಚ್ಚಾಗಿದೆ. ತನ್ನ ಮನೆತನದ ಪುಸ್ತಕದಲ್ಲಿದ್ದುದನ್ನೂ ರೂಢಿಯಿಂದ ತಿಳಿದುದನ್ನೂ ಹೇಳಿದ್ದೇನೆ ಎಂಬುದು ಅಚ್ಚುದನ್‌ರ ಮಾತಿನ ಸಾರ. ಅವರು ಹೇಳಿದ ಆ ಮನೆತನದ ಪುಸ್ತಕ ಇಂದು ಉಳಿದಿಲ್ಲ. ಉಳಿದದ್ದು ಕಡಲಾಚೆಯಲ್ಲಿ ಅಚ್ಚಾದ ಲ್ಯಾಟಿನ್. ಅದು ಕೇರಳದವರ ಕೈಗೆ ಸಂಪೂರ್ಣವಾಗಿ ಮರಳಲು ಮುನ್ನೂರು ವರ್ಷಗಳೇ ಹಿಡಿದವು. ಕಲ್ಲಿಕೋಟೆ ವಿಶ್ವವಿದ್ಯಾಲಯದ ಪ್ರೊಫೆಸರ್ ಕೆ. ಎಸ್. ಮಣಿಲಾಲ್ ದಶಕಗಳ ಕಾಲ ದುಡಿದು, ಅದರಲ್ಲಿನ ಬಹುತೇಕ ಗಿಡಗಳನ್ನು ಮತ್ತೆ ಹುಡುಕಿ ತೆಗೆದು ಅನುವಾದಿಸಿದರು. ಇಂಗ್ಲಿಷ್ ಆವೃತ್ತಿ 2003ರಲ್ಲಿ, ಮಲಯಾಳದ್ದು 2008ರಲ್ಲಿ, ಎರಡೂ ಕೇರಳ ವಿಶ್ವವಿದ್ಯಾಲಯದಿಂದ ಹೊರಬಂದವು.

ಕನ್ನಡದಲ್ಲಿ ನಮಗೆ ಗುರುವಾದವರು ಬಿ. ಜಿ. ಎಲ್. ಸ್ವಾಮಿಯವರು. ಅವರೂ ಹೊರನಾಡ ಕನ್ನಡಿಗರೇ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. 1978ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ‘ಹಸುರು ಹೊನ್ನು’ವಿನ ಚಿತ್ರಗಳನ್ನೂ ತಾವೇ ಬರೆದರು. ಶಾಸ್ತ್ರದ ನಡುವೆ ನಗೆಗೂ ತಿಂಡಿತೀರ್ಥಕ್ಕೂ ಜಾಗವಿರಬಹುದೆಂದು ಅವರಿಂದ ಕಲಿತೆವು.

ನಮ್ಮ ಲೆಕ್ಕದ ಪುಸ್ತಕದ ಕ್ರಮ ಈಗ ಹೀಗಿದೆ. ಮೊದಲು ತಾರೀಖು ಮತ್ತು ಸ್ಥಳ, ನಂತರ ಚಿತ್ರ, ಎಲ್ಲಕ್ಕೂ ಕೊನೆಗೆ ಹೆಸರು. ಹೆಸರು ಮೊದಲು ಬರೆದರೆ ಕಣ್ಣು ನೋಡುವುದನ್ನು ನಿಲ್ಲಿಸಿಬಿಡುತ್ತದೆ. ಮಲ್ಲಿಗೆಯಂಥ ತುಂಬೆ ಹುಟ್ಟಿದ್ದು ಹಾಗೆಯೇ. ಎರಡನೆಯ ಸಲ ಮರಳಿನ ಮೇಲೆ ಕುಳಿತು ನೋಡಿದಾಗ ತಿಳಿಯಿತು: ತುಂಬೆಯ ಕಾಂಡ ದುಂಡಗಿಲ್ಲ, ನಾಲ್ಕು ಮೂಲೆಯದು. ಎಲೆಗಳು ಎದುರುಬದುರು. ಹೂಗಳು ಗೆಣ್ಣಿನ ಸುತ್ತ ಗುಂಪಾಗಿ ಕೂತಿರುತ್ತವೆ, ಕೆಳದುಟಿ ದೊಡ್ಡದು. ಹೂ ಕಿತ್ತು ಬುಡವನ್ನು ಚೀಪಿದರೆ ಸಿಹಿ. ಇದನ್ನು ಬರೆಯಲು ಹೇಳಿದ್ದು ಮಗು.

ಹೆಸರಿಗೆ ಎರಡು ಅಂಕಣ, ಮಲಯಾಳಕ್ಕೊಂದು, ಕನ್ನಡಕ್ಕೊಂದು. ತೆಚ್ಚಿಯ ಎದುರಿಗೆ ಕೇಪಳ, ಚೆಂಬರತ್ತಿಗೆ ದಾಸವಾಳ, ಕೀಳಾರ್‌ನೆಲ್ಲಿಗೆ ನೆಲನೆಲ್ಲಿ, ತೊಟ್ಟಾವಾಡಿಗೆ ಮುಟ್ಟಿದರೆ ಮುನಿ. ಮಲಯಾಳದ ಅಂಕಣ ಮಕ್ಕಳಿಂದ ಬೇಗ ತುಂಬುತ್ತದೆ. ಕನ್ನಡದ್ದು ಹಾಗಲ್ಲ. ಕೆಲವಕ್ಕೆ ಊರಿಗೆ ಫೋನು ಮಾಡಬೇಕು. ಹಾಗೆ ಮಾಡಿ ಕೇಳಬಹುದಾದ ಹಿರಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ.

ಆದ್ದರಿಂದ ಅಜ್ಜಿ ಊರಿಗೆ ಹೊರಡುವ ಹಿಂದಿನ ಸಂಜೆ ಪುಸ್ತಕವನ್ನು ಅವರ ಮುಂದಿಟ್ಟೆವು. ಅವರು ಒಂದೊಂದೇ ಚಿತ್ರ ನೋಡಿ ಹೇಳಿದರು, ಮಗು ಬರೆಯಿತು. ಒಂದೆರಡು ಕಡೆ “ಇದು ನಮ್ಮ ಕಡೆ ಇಲ್ಲ” ಎಂದರು, ಅದನ್ನೂ ಬರೆದೆವು. ಕೊನೆಗೆ ಪುಟದ ಕೆಳಗೆ, ಕೊಚ್ಚಿಯ ವೈದ್ಯರು ಮಾಡಿದಂತೆ, ಹೇಳಿದವರ ರುಜು ಬೇಕೆಂದೆವು. ಅಜ್ಜಿ ನಕ್ಕು, ಕನ್ನಡಕ ಸರಿಪಡಿಸಿಕೊಂಡು, ಒಂದೊಂದೇ ಅಕ್ಷರ ಕೂಡಿಸುತ್ತ ತಮ್ಮ ಹೆಸರನ್ನು ಬರೆದರು.